ಖಾಲಿ ಹೊಟ್ಟೆಯಲ್ಲಿ ಬಂದ ಎಂಟು ಜನ

ಎರಡು ವರ್ಷದ ಮಗುವನ್ನು ತೂಕದ ಯಂತ್ರದ ಮೇಲೆ ಕೂರಿಸಲು ಎತ್ತಿದೆ. ಭಾರವೇನಿರಲಿಲ್ಲ, ಒಂಬತ್ತು ಕಿಲೋ ಚಿಲ್ಲರೆ. ಕಣ್ಣಿಗೆ ಕತ್ತಲೆ ಬಂತು. ಮಗುವನ್ನು ಹೇಗೆ ಕೆಳಗಿಟ್ಟೆನೋ ನೆನಪಿಲ್ಲ. ಎಚ್ಚರವಾದಾಗ ನಾನು ಅಂಗನವಾಡಿಯ ನೆಲದ ಮೇಲಿದ್ದೆ. ಸುತ್ತ ಮಕ್ಕಳೆಲ್ಲ ಕೈಕಟ್ಟಿ ಕುಳಿತು, ಅಕ್ಕೋರು ಯಾವುದೋ ಹೊಸ ಆಟ ಹೇಳಿಕೊಡುತ್ತಿದ್ದಾರೆ ಎಂಬಂತೆ ನೋಡುತ್ತಿದ್ದವು. ಸಹಾಯಕಿ ನಾಗವೇಣಿ ನನ್ನ ಮುಖಕ್ಕೆ ನೀರು ಚಿಮುಕಿಸುತ್ತಿದ್ದಳು.

ತೆಂಗಿನಗುಂಡಿಯ ಹತ್ತಿರದ ಆ ಅಂಗನವಾಡಿಯಲ್ಲಿ ನಾನು ಹತ್ತೊಂಬತ್ತು ವರ್ಷಗಳಿಂದ ಕಾರ್ಯಕರ್ತೆ. ಊರಿನವರ ಬಾಯಲ್ಲಿ ಅಕ್ಕೋರು. ಬಸುರಿಯರಿಗೆ ಕಬ್ಬಿಣದ ಮಾತ್ರೆ ಕೊಡುವವಳು ನಾನು, ನುಂಗಿದರೋ ಇಲ್ಲವೋ ಎಂದು ಮನೆಗೆ ಹೋಗಿ ಬಾಯಿ ತೆರೆಸಿ ನೋಡುವವಳೂ ನಾನು. ಮೈಯಲ್ಲಿ ರಕ್ತ ಕಡಿಮೆಯಾದರೆ ಏನೇನಾಗುತ್ತದೆ ಎಂದು ಗೋಡೆಗೆ ಚಾರ್ಟ್ ತೂಗುಹಾಕಿ ಭಾಷಣ ಬಿಗಿಯುತ್ತಿದ್ದೆ. ಆ ಚಾರ್ಟಿನ ಲಕ್ಷಣಗಳೆಲ್ಲ ಒಂದು ವರ್ಷದಿಂದ ನನ್ನ ಮೈಯಲ್ಲೇ ಇದ್ದವು. ಮುಟ್ಟು ಶುರುವಾದರೆ ಹತ್ತು ದಿನ, ಹನ್ನೆರಡು ದಿನ ನಿಲ್ಲುತ್ತಿರಲಿಲ್ಲ. ನಾಲ್ಕು ಮೆಟ್ಟಿಲಿಗೆ ಏದುಸಿರು. ನಲವತ್ತೈದು ದಾಟಿತಲ್ಲ, ಇದೆಲ್ಲ ಇದ್ದದ್ದೇ ಎಂದುಕೊಂಡು ಯಾರಿಗೂ ಹೇಳಲಿಲ್ಲ. ಊರಿಗೆಲ್ಲ ಬುದ್ಧಿ ಹೇಳುವವಳಿಗೆ ತನ್ನ ಮಟ್ಟಿಗೆ ಬುದ್ಧಿ ಇರಲಿಲ್ಲ, ಅಷ್ಟೇ.

ಭಟ್ಕಳದಲ್ಲಿ ಪರೀಕ್ಷೆ ಮಾಡಿಸಿದೆವು.

ಹಿಮೋಗ್ಲೋಬಿನ್ ಐದು ಪಾಯಿಂಟ್ ಎಂಟು.

ಚೀಟಿ ಓದಿದ ಕೂಡಲೇ ನನಗೆ ಬಂದದ್ದು ಭಯವಲ್ಲ, ನಾಚಿಕೆ. ಬೇರೆ ಯಾರ ಕೈಯಲ್ಲಾದರೂ ಆ ಚೀಟಿ ನೋಡಿದ್ದರೆ ಅರ್ಧ ಗಂಟೆ ಬೈಯುತ್ತಿದ್ದೆ. ಸ್ಕ್ಯಾನಿಂಗ್ ಮಾಡಿದಾಗ ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆಗಳು ಕಂಡವು. ಮರುದಿನವೇ ಕುಮಟಾದ ಆಸ್ಪತ್ರೆಗೆ ಅಡ್ಮಿಟ್ ಆದೆ. ಡಾಕ್ಟರಮ್ಮ ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. ನಾನು ಏನು ಕೆಲಸ ಮಾಡುತ್ತೇನೆಂದು ಕೇಳಿದರು. ಹೇಳಿದೆ. ಅವರು ಮತ್ತೇನೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಗರ್ಭಕೋಶ ತೆಗೆಯಬೇಕು ಎಂದರು. ಅದಕ್ಕೂ ಮೊದಲು ರಕ್ತ ಏರಿಸಬೇಕು. ಎರಡು ಬಾಟಲಿ ಕೂಡಲೇ, ಎರಡು ಬಾಟಲಿ ಆಪರೇಷನ್ ದಿನಕ್ಕೆ. ಮೊದಲಿನ ಎರಡು ಬ್ಲಡ್ ಬ್ಯಾಂಕಿನಲ್ಲಿದ್ದವು, ಕೊಟ್ಟರು. ಅಲ್ಲಿಗೆ ನನ್ನ ಗ್ರೂಪಿನದ್ದು ಮುಗಿಯಿತು.

"ಹೊರಗಿನಿಂದ ಸರ್ಜನ್ ಬರೋದು ಶುಕ್ರವಾರ ಮಾತ್ರ," ಎಂದರು ಡಾಕ್ಟರಮ್ಮ. "ಗುರುವಾರ ಮಧ್ಯಾಹ್ನದೊಳಗೆ ನಿಮ್ಮ ಕಡೆಯವರು ನಾಲ್ಕು ಜನ ರಕ್ತ ಕೊಡಲಿ. ಯಾವ ಗ್ರೂಪ್ ಆದರೂ ಅಡ್ಡಿಲ್ಲ, ನಿಮಗೆ ಬೇಕಾದ್ದನ್ನು ನಾವು ಹೊಂದಿಸ್ತೇವೆ. ಆಗದಿದ್ದರೆ ಒಂದು ವಾರ ಮುಂದೆ ಹೋಗ್ತದೆ. ಅಷ್ಟರಲ್ಲಿ ಈಗ ಏರಿಸಿದ್ದೂ ಇಳಿದುಹೋಗ್ತದೆ."

ನಾಲ್ಕು ಜನ. ಊರಲ್ಲಿ ನನ್ನ ಮಾತು ಕೇಳುವವರು ನೂರಾರು ಮಂದಿ ಇದ್ದರು. ಆದರೂ ಕೇಳಲು ಹಿಂಜರಿದೆ. ಯಾಕೆಂದರೆ ನಾನೇ ಒಮ್ಮೆಯೂ ರಕ್ತ ಕೊಟ್ಟವಳಲ್ಲ. ರಕ್ತದಾನದ ಕ್ಯಾಂಪ್ ಆದಾಗಲೆಲ್ಲ ಹೆಸರು ಬರೆದುಕೊಂಡಿದ್ದೇನೆ, ಬಿಸ್ಕಿಟ್ ಹಂಚಿದ್ದೇನೆ, ಫೋಟೋಕ್ಕೆ ನಿಂತಿದ್ದೇನೆ. ಆ ಮಂಚದ ಮೇಲೆ ಮಾತ್ರ ಮಲಗಿಲ್ಲ. ಹೆಂಗಸರದ್ದು ತಿಂಗಳು ತಿಂಗಳು ಹೋಗುವುದೇ ಸಾಕು ಎಂಬ ಉತ್ತರ ಯಾವಾಗಲೂ ನಾಲಿಗೆ ತುದಿಯಲ್ಲಿ ಇರುತ್ತಿತ್ತು. ಹಾಗೆ ನಾಲಿಗೆ ತುದಿಯಲ್ಲಿ ಉತ್ತರ ಇಟ್ಟುಕೊಂಡವರೇ ಊರೆಲ್ಲ ತುಂಬಿದ್ದರೆ ನನ್ನ ಗತಿ ಏನು?

ಮನೆಯಲ್ಲೇ ನೋಡಿದರೆ ನನ್ನವರು ಒಬ್ಬರಿದ್ದಾರೆ, ಮೋಹನ. ಭಟ್ಕಳದಲ್ಲಿ ರಿಕ್ಷಾ ಓಡಿಸುತ್ತಾರೆ. ಎಂಥ ಇಕ್ಕಟ್ಟಿನ ಗಲ್ಲಿಯಲ್ಲೂ ಗಾಡಿ ನುಗ್ಗಿಸುವ ಗಂಡಸು ಸೂಜಿ ಕಂಡರೆ ಮಾತ್ರ ಬೆವರುತ್ತಾರೆ. ಇಂಜೆಕ್ಷನ್ ತಪ್ಪಿಸಲು ನಾಲ್ಕು ದಿನ ಜ್ವರ ಮುಚ್ಚಿಟ್ಟವರು. ಡಾಕ್ಟರಮ್ಮ ನಾಲ್ಕು ಜನ ಎಂದಾಗ ಅವರು ಕಿಟಕಿಯಾಚೆ ನೋಡುತ್ತಿದ್ದರು. ನಾನೂ ಅವರ ಹೆಸರು ಎತ್ತಲಿಲ್ಲ. ಮನಸ್ಸಿಗೆ ಬೇಜಾರಾದದ್ದು ಹೌದು.

ಅತ್ತೆ ಆ ದಿನ ನನ್ನನ್ನು ನೋಡಲು ಬಂದಿದ್ದರು. ಎಪ್ಪತ್ತು ದಾಟಿದ ಅವರು ತೊಟ್ಟಿಕ್ಕುತ್ತಿದ್ದ ಕೆಂಪು ಬಾಟಲಿಯನ್ನೇ ಬಹಳ ಹೊತ್ತು ನೋಡಿದರು. "ಇದು ಯಾರದ್ದು?" ಎಂದು ಕೇಳಿದರು. ಗೊತ್ತಿಲ್ಲ ಅತ್ತೆ, ಹೇಳುವ ಕ್ರಮ ಇಲ್ಲ ಎಂದೆ. "ಯಾರದ್ದೋ ರಕ್ತ ಒಳಗೆ ಹೋಗಿ ನಿನ್ನ ಗುಣ ಬದಲಾದ್ರೆ ಎಂತ ಮಾಡೂದು?" ಎಂದರು. ಅವರಿಗೆ ನಿಜವಾಗಿಯೂ ಚಿಂತೆಯಿತ್ತು. ನಗಲು ನನಗೆ ಶಕ್ತಿ ಇರಲಿಲ್ಲ.

ಬುಧವಾರ ನಾಗವೇಣಿಗೆ ಫೋನ್ ಮಾಡಿ, ರಕ್ತ ಕೊಡಲು ನಾಲ್ಕು ಜನ ಬೇಕು, ನಾಳೆ ಬೆಳಿಗ್ಗೆ ಬರಲಿ ಎಂದೆ. ಅಷ್ಟೇ ಹೇಳಿದೆ. ಅಲ್ಲೇ ಎಡವಿದ್ದು. ಅತ್ತೆ ಮತ್ತು ನನ್ನವರು ಜನರನ್ನು ಹೊರಡಿಸಲೆಂದು ಊರಿಗೆ ಹೋದರು. ನನ್ನ ಜೊತೆ ತಂಗಿ ಉಳಿದಳು.

ಒಂದು ವಿಷಯ ಹೇಳಬೇಕು. ನಮ್ಮ ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ನರ್ಸಮ್ಮ ಬಂದು ಊರಿನವರ ಶುಗರ್ ನೋಡುತ್ತಾರೆ. ಆ ದಿನ ಬಾಗಿಲಲ್ಲಿ ನಿಲ್ಲುವವಳು ನಾನು. ತಿಂಡಿ ಬಿಡಿ, ಒಂದು ಗುಟುಕು ಚಹಾ ಕುಡಿದು ಬಂದವರನ್ನೂ ವಾಪಸ್ ಕಳಿಸುತ್ತೇನೆ. ಪಕ್ಕದ ಮನೆಯ ಮಂಜಣ್ಣನನ್ನು ಹಾಗೆ ಮೂರು ಸಲ ಹಿಂದಕ್ಕೆ ಕಳಿಸಿದ್ದೇನೆ. ರಕ್ತ ಕೊಡುವ ದಿನ ಹೊಟ್ಟೆ ಖಾಲಿ ಇರಬೇಕು ಎಂದು ವರ್ಷಗಟ್ಟಲೆ ಊರಿನ ತಲೆಗೆ ತುಂಬಿದವಳು ನಾನೇ.

ಗುರುವಾರ ಬೆಳಿಗ್ಗೆ ಟೆಂಪೋ ಮಾಡಿಕೊಂಡು ಬಂದರು. ನಾಲ್ಕಲ್ಲ, ಎಂಟು ಜನ. ಜೊತೆಗೆ ಅತ್ತೆ, ನನ್ನವರು. ನಾಗವೇಣಿ ವಾರ್ಡಿಗೆ ಬಂದು ಸುದ್ದಿ ಹೇಳಿದಾಗ ನನ್ನ ಕಣ್ಣು ತುಂಬಿತು. ಅವಳು ಹೆಮ್ಮೆಯಿಂದ ಮುಂದುವರಿಸಿದಳು.

"ಒಬ್ಬರೂ ನೀರು ಸಹ ಮುಟ್ಟಲಿಲ್ಲ ಅಕ್ಕೋರೆ. ನಿಮ್ಮ ಅತ್ತೆ ಟೆಂಪೋ ಬಾಗಿಲಲ್ಲಿ ನಿಂತು ಎಲ್ಲರನ್ನೂ ಕೇಳಿಯೇ ಹತ್ತಿಸಿದ್ದು."

ಅವಳನ್ನು ಕೂಡಲೇ ಬ್ಲಡ್ ಬ್ಯಾಂಕಿಗೆ ಓಡಿಸಿದೆ.

ಮುಂದಿನದ್ದು ನಾನು ಕಂಡದ್ದಲ್ಲ, ಆಮೇಲೆ ನಾಗವೇಣಿ ಹೇಳಿದ್ದು. ಬ್ಲಡ್ ಬ್ಯಾಂಕಿನಲ್ಲಿದ್ದವರು ಎಲ್ಲರ ಮುಖ ನೋಡಿ, ತಿಂಡಿ ಏನು ತಿಂದಿರಿ ಎಂದು ಕೇಳಿದರಂತೆ. ನಾವು ಅಂಥವರಲ್ಲ ಎಂದನಂತೆ ಮಂಜಣ್ಣ. ಅವರು ಹಣೆ ಹಣೆ ಬಡಿದುಕೊಂಡರಂತೆ. ಹಸಿದವರಿಂದ ರಕ್ತ ತೆಗೆದರೆ ಇಲ್ಲೇ ಬೀಳುತ್ತೀರಿ, ಇದು ಟೆಸ್ಟ್ ಅಲ್ಲ ಮಾರಾಯರೆ, ದಾನ. ಹೋಗಿ ತಿಂದು, ಒಂದು ಗಂಟೆ ಬಿಟ್ಟು ಬನ್ನಿ ಎಂದರಂತೆ. ಎಲ್ಲರೂ ಗಡಿಯಾರ ನೋಡಿದರು. ಮಧ್ಯಾಹ್ನದೊಳಗೆ ನಾಲ್ಕು ಆಗಬೇಕಿತ್ತು. ಮಂಚ ಇದ್ದದ್ದು ಎರಡೇ.

"ತಿಂದವರು ಒಬ್ಬರೂ ಇಲ್ವಾ?" ಎಂದು ಅವರು ಕೇಳಿದರು. "ಇದ್ದರೆ ಈಗಲೇ ಶುರು ಮಾಡಬಹುದು."

ಬಾಗಿಲ ಹೊರಗೆ ನಿಂತಿದ್ದ ನನ್ನವರು ಮೆಲ್ಲಗೆ ಕೈ ಎತ್ತಿದರಂತೆ.

ಅತ್ತೆ ತಿರುಗಿ ಮಗನನ್ನು ನೋಡಿದ ನೋಟವನ್ನು ನಾಗವೇಣಿ ಎಷ್ಟು ಸಲ ಮಾಡಿ ತೋರಿಸಿದರೂ ನನಗೆ ಸಾಕಾಗುವುದಿಲ್ಲ.

ಮೊದಲು ರಕ್ತ ಕೊಟ್ಟವರು ಅವರೇ. ಅಷ್ಟರಲ್ಲಿ ಉಳಿದವರು ಹೋಟೆಲಿಗೆ ನುಗ್ಗಿ ಸಿಕ್ಕಿದ್ದೆಲ್ಲ ತಿಂದು ಬಂದರು. ಎಂಟರಲ್ಲಿ ಮೂವರು ಹೆಂಗಸರಿಗೆ ಹಿಮೋಗ್ಲೋಬಿನ್ ಕಡಿಮೆ ಎಂದು ಬೇಡ ಅಂದರು, ನಾಗವೇಣಿಯೂ ಸೇರಿ. ನಾನು ಹಂಚುವ ಮಾತ್ರೆಗಳು ಇವರ ಹೊಟ್ಟೆಗೆ ಹೋಗುತ್ತಿಲ್ಲ ಎಂದು ಆಗ ತಿಳಿಯಿತು. ಒಬ್ಬರಿಗೆ ಬಿ.ಪಿ. ಹೆಚ್ಚಿತ್ತು. ಮಂಜಣ್ಣನೂ ಸೇರಿ ನಾಲ್ವರು ಕೊಟ್ಟರು. ತನ್ನದೂ ತಗೊಳ್ಳಿ ಎಂದು ಅತ್ತೆ ಕೈ ಚಾಚಿದರಂತೆ. ವಯಸ್ಸಾಯಿತು ಎಂದದ್ದಕ್ಕೆ ಅವರಿಗೆ ಅವಮಾನವಾಗಿ, ಆ ದಿನ ಯಾರ ಜೊತೆಗೂ ಮಾತಾಡಲಿಲ್ಲ.

ನಾಲ್ಕು ಬೇಕಿತ್ತು, ಐದಾಯಿತು.

ಶುಕ್ರವಾರ ಆಪರೇಷನ್ ಆಯಿತು. ಮೂರನೆಯ ದಿನ ಮಂಚದಲ್ಲಿ ಎದ್ದು ಕೂತೆ. ನನ್ನವರು ಪಕ್ಕದ ಸ್ಟೂಲಿನಲ್ಲಿ ಕೂತು ಬಹಳ ಹೊತ್ತು ಟವೆಲ್ ಮಡಚುತ್ತಿದ್ದರು. ಆಮೇಲೆ ಹೇಳಿದರು.

"ಟೆಂಪೋ ಡೀಸೆಲ್ ಹಾಕ್ಸೂಕೆ ಹೊನ್ನಾವರದಲ್ಲಿ ನಿಂತಿತ್ತು. ನಾನು ಹಿಂದಿನಿಂದ ಇಳಿದು ಎರಡು ಬನ್ಸ್ ತಿಂದೆ. ತಿಂದವರದ್ದು ತಗಳೂದಿಲ್ಲ ಹೇಳಿ ಗೊತ್ತಿತ್ತಲ. ತಪ್ಪಿಸಿಕೊಳ್ಳೂಕೆ ತಿಂದದ್ದು."

"ಮತ್ತೆ ಕೈ ಯಾಕೆ ಎತ್ತಿದ್ರಿ? ಯಾರಿಗೂ ಗೊತ್ತಿರಲಿಲ್ಲ."

"ನನಗೆ ಗೊತ್ತಿತ್ತಲ," ಎಂದರು.

ಮೊದಲು ನಗು ಬಂತು. ಹೊಲಿಗೆ ಎಳೆದು ಜೀವ ಹೋದಂತಾಯಿತು. ಆಮೇಲೆ ಅಳು ಬಂತು. ಇಪ್ಪತ್ತೆರಡು ವರ್ಷ ಜೊತೆಗಿದ್ದ ಈ ಮನುಷ್ಯನ ಮೇಲೆ ನನಗೆ ಅಷ್ಟು ಪ್ರೀತಿ ಬಂದದ್ದು ಅದೇ ಮೊದಲಿರಬೇಕು. ಹೆದರಿಕೆ ಇಲ್ಲದವರು ಕೊಡುವುದು ಒಂದು ಬಗೆ. ಹೆದರಿ ಓಡಿಹೋದವರು ಅರ್ಧ ದಾರಿಯಿಂದ ತಿರುಗಿ ಬಂದು ಕೊಡುವುದನ್ನು ಏನೆಂದು ಕರೆಯಬೇಕೋ ನನಗೆ ತಿಳಿಯದು.

ಅವರ ರಕ್ತ ನನಗೆ ಬರಲಿಲ್ಲ. ಬೇರೆ ಯಾರಿಗೋ ಹೋಗಿರುತ್ತದೆ. ನನ್ನೊಳಗೆ ಈಗ ಓಡುತ್ತಿರುವ ನಾಲ್ಕು ಬಾಟಲಿ ಯಾರದ್ದೆಂದು ಎಂದೂ ಗೊತ್ತಾಗುವುದಿಲ್ಲ. ಜಾಲಿ ಊರಿನ ಅಂಗಡಿಯವರದ್ದಿರಬಹುದು, ಸಂತೆಗುಳಿಯ ಕಡೆಯ ತೋಟದವರದ್ದಿರಬಹುದು. ಯಾರೋ ನಾಲ್ವರು, ತಿಂಡಿ ತಿಂದು ಬಂದವರು. ಬೆಳಿಗ್ಗೆ ಏಳುವಾಗ ಅವರನ್ನೊಮ್ಮೆ ನೆನೆಯುತ್ತೇನೆ. ಮುಖ ಗೊತ್ತಿಲ್ಲದವರನ್ನು ನೆನೆಯುವುದು ಮೊದಮೊದಲು ವಿಚಿತ್ರವೆನಿಸುತ್ತಿತ್ತು, ಈಗ ರೂಢಿಯಾಗಿದೆ.

ಮನೆಗೆ ಬಂದ ಮೇಲೆ ಒಂದು ತಿಂಗಳು ನಾನು ಯಾರಿಗೂ ಬೈಯಲಿಲ್ಲ. ದನಿ ಎತ್ತಲು ತ್ರಾಣವೇ ಇರಲಿಲ್ಲ. ಅತ್ತೆ ಮಾತ್ರ ಅಕ್ಕಪಕ್ಕದವರಿಗೆ, ಕೊಟ್ಟವರು ಯಾರೋ ಒಳ್ಳೆ ಗುಣದವರೇ ಇರಬೇಕು ಎಂದು ಹೇಳುತ್ತಾ ತಿರುಗಿದರು. ನಾನು ತಿದ್ದಲು ಹೋಗಲಿಲ್ಲ.

ಈಗ ಹಿಮೋಗ್ಲೋಬಿನ್ ಹನ್ನೊಂದು ದಾಟಿದೆ. ಮಾತ್ರೆ ನುಂಗಿದ ಮೇಲೆ ನಾಗವೇಣಿಯೂ ನಾನೂ ಒಬ್ಬರಿಗೊಬ್ಬರು ಬಾಯಿ ತೆರೆದು ತೋರಿಸುತ್ತೇವೆ. ಒಂದು ವರ್ಷ ನಾನು ರಕ್ತ ಕೊಡುವಂತಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದಾರೆ. ಆಮೇಲೂ ತೆಗೆದುಕೊಳ್ಳುತ್ತಾರೋ ಇಲ್ಲವೋ. ತೆಗೆದುಕೊಂಡರೆ ಮಲಗುತ್ತೇನೆ.

ಮೊನ್ನೆ ನಮ್ಮ ಊರ ಶಾಲೆಯಲ್ಲಿ ರಕ್ತದಾನದ ಕ್ಯಾಂಪ್ ಆಯಿತು. ಬಾಗಿಲಲ್ಲಿ ನಾನೇ ನಿಂತಿದ್ದೆ. ಪಕ್ಕದಲ್ಲಿ ಅತ್ತೆ ಒಂದು ಪಾತ್ರೆ ಇಡ್ಲಿ ಇಟ್ಟುಕೊಂಡು ಕೂತಿದ್ದರು. ತಿಂದಿಲ್ಲ ಎಂದವರನ್ನು ಹಿಡಿದು ಕೂರಿಸಿ ತಿನ್ನಿಸಿದರು, ತಿಂದಿದ್ದೇನೆ ಎಂದವರನ್ನೂ ಬಿಡಲಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಗೇಟಿನ ಹತ್ತಿರ ರಿಕ್ಷಾ ನಿಂತಿತು. ನಾನು ಕರೆದಿರಲಿಲ್ಲ. ನನ್ನವರು ಇಳಿದು ಬಂದರು. ಹಣೆ ಬೆವರಿತ್ತು, ಅಂಗಿಯ ಎಡತೋಳು ಆಗಲೇ ಮೇಲಕ್ಕೆ ಮಡಚಿತ್ತು. ಎಲ್ಲರಿಗೂ ಕೇಳಿದಂತೆ ಅವರಿಗೂ ಕೇಳಿದೆ.

"ತಿಂಡಿ ತಿಂದ್ರಾ?"

"ತಿಂದೆ," ಎಂದರು. "ಈ ಸಲ ಕೊಡೂಕೇ ಹೇಳಿ ತಿಂದದ್ದು."