ಮೇಣ ಹಚ್ಚಿದ ಕಟಾರಿ

ಓದುವ ಎಲ್ಲರಿಗೂ ನಮಸ್ಕಾರ. ಮೂವತ್ತೈದು ದಾಟಿದ ಮೇಲೆ ಹತ್ತನೇ ತರಗತಿ ಪಾಸಾದವನು ನಾನು. ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದೇನೆ. ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳಿ.

ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನದು ಚಾಕು, ಕತ್ತರಿಗೆ ಸಾಣೆ ಹಿಡಿಯುವ ಅಂಗಡಿ. ಹಳೆಯ ಜರ್ಮನ್ ಬೇಟೆ ಕಟಾರಿಗಳನ್ನು ಕೂಡಿಡುವ ಹುಚ್ಚು ಅಲ್ಲಿಂದಲೇ ಹತ್ತಿತು. ಜಿಂಕೆ ಕೊಂಬಿನ ಹಿಡಿ, ಅಲಗಿನ ಮೇಲೆ ಕಾಡುಹಂದಿ, ನಾಯಿ, ಓಡುವ ಜಿಂಕೆಯ ಚಿತ್ರ. ಕೊಲ್ಲುವುದಕ್ಕಿಂತ ಹೆಚ್ಚಾಗಿ ಸೊಂಟಕ್ಕೆ ಸಿಕ್ಕಿಸಿ ಮೆರೆಯಲೆಂದೇ ಮಾಡಿಸುತ್ತಿದ್ದಂಥವು. ಇಷ್ಟು ವರ್ಷಕ್ಕೆ ನನಗೆ ಮೂರೇ ಸಿಕ್ಕಿದ್ದವು. "ತರಕಾರಿ ಹೆಚ್ಚಾಕ ಬರಲ್ಲ, ಕಟಿಗಿ ಸೀಳಾಕ ಬರಲ್ಲ. ಇದನ್ನ ಇಟ್ಕಂಡು ಯಾವ ಕಾಡಿಗಿ ಹೋಗ್ತಿ?" ಎಂದು ಹೆಂಡತಿ ಹಂಗಿಸುತ್ತಿದ್ದಳು.

ಮೂರನೆಯದನ್ನು ಕುರುಗೋಡಿನ ಒಬ್ಬ ಮುದುಕಿಯಿಂದ ಕೊಂಡಿದ್ದೆ. ಅವರ ಮಾವ ಬಳ್ಳಾರಿ ಕಂಟೋನ್ಮೆಂಟಿನಲ್ಲಿ ಬಿಳಿ ಸಾಹೇಬನೊಬ್ಬನ ಮನೆ ಅಡುಗೆ ಮಾಡುತ್ತಿದ್ದರಂತೆ. ಸಾಹೇಬ ಊರು ಬಿಡುವಾಗ ಕೊಟ್ಟುಹೋದ ಕಟಾರಿ ಅದು. ಮುದುಕಿಯ ಮನೆತನದಲ್ಲಿ ಅದು ಮದುಮಗನ ಕಟಾರಿಯಾಯಿತು. ಅರಿಶಿನ ಹಚ್ಚಿದ ಹೊತ್ತಿನಿಂದ ತಾಳಿ ಕಟ್ಟುವವರೆಗೆ ಮದುಮಗ ತುದಿಗೆ ನಿಂಬೆಹಣ್ಣು ಚುಚ್ಚಿದ ಕಟಾರಿಯನ್ನು ಕೈಯಿಂದ ಬಿಡುವುದಿಲ್ಲ. ಎಷ್ಟೋ ಮದುವೆಗಳ ನಿಂಬೆಹುಳಿ ಅಲಗಿನ ತುದಿಯನ್ನು ಕಪ್ಪಾಗಿ ತಿಂದಿತ್ತು. ಓಡುವ ಜಿಂಕೆಗೆ ತಲೆಯೇ ಇರಲಿಲ್ಲ. ಹೆಂಡತಿ ಸತ್ತ ಕಿರಿಮಗ ಮತ್ತೆ ಮದುವೆ ಒಲ್ಲೆ ಎಂದಿದ್ದರಿಂದ, ಇನ್ನು ಯಾರ ಕೈಗೆ ಎಂದು ಮುದುಕಿ ಕೊಟ್ಟಿದ್ದರು. ಉಳಿದ ಚಿತ್ರವನ್ನಾದರೂ ಉಳಿಸಬೇಕೆಂದು ಎಣ್ಣೆಬಟ್ಟೆ ಹಿಡಿದು ಎರಡು ತಿಂಗಳು ಕೂತೆ.

ವರ್ಷದ ಮೇಲೆ ಮುದುಕಿ ಅಂಗಡಿಗೇ ಬಂದರು. ಮಗ ಮನಸ್ಸು ಬದಲಿಸಿದ್ದ. ಸಿರುಗುಪ್ಪದ ಹೆಣ್ಣು ಗೊತ್ತಾಗಿತ್ತು.

"ತಮ್ಮಾ, ಎರಡು ದಿನದ ಮಟ್ಟಿಗಿ ಕಟಾರಿ ಕೊಡು."

"ಅವ್ವಾ, ಹುಳಿ ಬಿದ್ರ ಇದ್ದ ಚಿತ್ರಾನೂ ಹೋಗತೈತಿ. ಬ್ಯಾರೆ ಹೊಸಾದು ಕೊಡ್ತೀನಿ, ಥಳಥಳ ಹೊಳೀತೈತಿ."

"ಹೊಸಾದು ನಮ್ಮೂರಾಗ ಸಿಗಾಂಗಿಲ್ಲೇನು? ಎರಡನೇ ಮದಿವಿ, ಸಣ್ಣಾಗಿ ಮುಗಿಸ್ರಿ ಅಂತಾರ ಎಲ್ರೂ. ನನ್ ಮಗ ಕಳ್ಳನಂಗ ತಾಳಿ ಕಟ್ಟಬೇಕೇನು? ಅವರಪ್ಪ ಹಿಡಿದಿದ್ದನ್ನ ಹಿಡ್ಕಂಡೇ ಕಟ್ಲಿ."

ಇಲ್ಲ ಎನ್ನಲು ಬಾಯಿ ಬರಲಿಲ್ಲ, ಕೊಡಲು ಮನಸ್ಸೂ ಬರಲಿಲ್ಲ. ಅವರಿಗೆ ಹೇಳದೆ ಅಲಗಿಗೆಲ್ಲ ತೆಳ್ಳಗೆ ಜೇನುಮೇಣ ಸವರಿ, ಉಜ್ಜಿ, ಅರಿಶಿನದ ಹೊತ್ತಿಗೆ ನಾನೇ ಸಿರುಗುಪ್ಪದ ಮದುವೆಮನೆಗೆ ಒಯ್ದೆ. ಇನ್ನು ಹುಳಿ ತಾಗುವುದಿಲ್ಲವೆಂದು ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡಿದ್ದೆ.

ತಾಳಿಗೆ ಮುಂಚೆ ಮದುಮಗ ಹಿರಿಯರ ಕಾಲಿಗೆ ಬಗ್ಗಿದ. ಕಟಾರಿಯ ತುದಿ ಕೆಳಗಾಯಿತು. ಮೇಣದ ಮೇಲೆ ನಿಂಬೆಹಣ್ಣು ಸರ್ರನೆ ಜಾರಿ, ಉರುಳಿ, ಚಾಪೆ ದಾಟಿ ಹೋಯಿತು. ವಾಲಗ ನಿಂತಿತು.

"ಸತ್ತಾಕಿ ಮದಿವ್ಯಾಗೂ ಹಿಂಗಾ ಬಿದ್ದಿತ್ತೇನೋ," ಎಂದರು ಹೆಂಗಸರ ಗುಂಪಿನಲ್ಲಿ ಯಾರೋ.

ಹೆಣ್ಣಿನ ಸೋದರಮಾವ ಎದ್ದು ನಿಂತರು. "ತಡೀರಿ. ಐನೋರನ್ನ ಒಂದು ಮಾತು ಕೇಳಾಮು. ಇವತ್ತಾ ಆಗಬೇಕಂತ ಏನೈತಿ?"

ಮದುಮಗ ತಲೆ ಎತ್ತಲಿಲ್ಲ. ಹೆಣ್ಣು ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡಳು.

ನಾನು ಚಪ್ಪರದ ನಡುವೆ ಹೋಗಿ ನಿಂತೆ. "ಇದು ಅಪಶಕುನ ಅಲ್ರಿ, ನಂದು ತಪ್ಪು. ಹುಳಿ ತಾಗಬಾರ್ದು ಅಂತ ಮೇಣ ಹಚ್ಚೀನಿ. ಮುಟ್ಟಿ ನೋಡ್ರಿ."

ಸೋದರಮಾವ ಅಲಗನ್ನು ಸವರಿ, ಬೆರಳು ಮೂಸಿ ನೋಡಿದರು. "ಕಟಾರಿಗಿ ಮೇಣ ಹಚ್ಚತಾರೇನಪಾ? ಅದೇನು ಮೀಸಿ ಏನು?"

ಯಾರೋ ನಕ್ಕರು. ಆ ನಗುವಿನಿಂದ ನನಗೆ ಉಸಿರು ಬಂತು. ಬಿಸಿನೀರು ತರಿಸಿ, ಹೆಗಲ ಮೇಲಿನ ಟವೆಲಿನಿಂದ ಮೇಣವನ್ನೆಲ್ಲ ಒರೆಸಿದೆ. ಬರಿಯ ಉಕ್ಕಿಗೆ ಹೊಸ ನಿಂಬೆಹಣ್ಣನ್ನು ನಾನೇ ಒತ್ತಿ ಚುಚ್ಚಿದೆ. ರಸ ನಾಯಿಗಳ ಚಿತ್ರದ ಮೇಲೆ ಇಳಿಯಿತು. ಸೋದರಮಾವ ವಾಲಗದವರ ಕಡೆ ಕೈ ಮಾಡಿದರು. ಮದುಮಗ ತಾಳಿ ಕಟ್ಟಿದ.

ಊಟದ ಹೊತ್ತಿಗೆ ಮುದುಕಿ ನನ್ನ ಹತ್ತಿರ ಬಂದು ಕೂತರು. "ಇಷ್ಟು ಜೀವ ಐತಿ ಅದರ ಮ್ಯಾಲೆ ಅಂದಿದ್ರ ನಾನಾ ಬ್ಯಾಡ ಅಂತಿದ್ನೆಲ್ಲೋ ತಮ್ಮಾ," ಎಂದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಕಟಾರಿ ವಾಪಸು ಕೊಡಲು ಬಂದ ಮದುಮಗನಿಗೆ, ಅದು ನಿಮ್ಮಲ್ಲೇ ಇರಲಿ ಎಂದು ಹೇಳಿ ಬಳ್ಳಾರಿ ಬಸ್ಸು ಹತ್ತಿದೆ.

ಒಂದು ವಸ್ತುವನ್ನು ಕಾಪಾಡಲು ಹೋಗಿ ಒಬ್ಬ ಮನುಷ್ಯನನ್ನು ತುಂಬಿದ ಚಪ್ಪರದಲ್ಲಿ ತಲೆ ತಗ್ಗಿಸಿ ನಿಲ್ಲಿಸಿದೆ. ನಿಮ್ಮ ಕೈಯಿಂದಲೂ ಹೀಗೆ ಏನಾದರೂ ಆಗಿದ್ದರೆ ಮುಚ್ಚಿಟ್ಟುಕೊಳ್ಳದೆ ಬರೆಯಿರಿ. ಆಮೇಲೆ ಆ ಮನೆಯವರ ಮುಖವನ್ನು ಹೇಗೆ ನೋಡಿದಿರಿ ಎಂಬುದನ್ನೂ ಬರೆಯಿರಿ.