ಟೈಲರಕ್ಕನ ಕಾಗದದ ಕೀಬೋರ್ಡ್

ಸಂಗೀತ ವಾದ್ಯಗಳ ಅಂಗಡಿಯಲ್ಲಿ ನಾನು ಅಂಗಿಯ ತೋಳು ಮಡಚಿ, ಕಣ್ಣು ಅರೆಮುಚ್ಚಿ, ಹತ್ತೂ ಬೆರಳುಗಳನ್ನು ಒಟ್ಟಿಗೇ ಒಂದು ಕೀಬೋರ್ಡಿನ ಮೇಲೆ ಇಳಿಸಿದೆ. ಸದ್ದು ಬರಲಿಲ್ಲ. ಇನ್ನೂ ಜೋರಾಗಿ ಒತ್ತಿದೆ. ಆಗಲೂ ಇಲ್ಲ. ಗಿಟಾರಿನ ತಂತಿ ಕೊಳ್ಳಲು ಬಂದಿದ್ದ ಇಬ್ಬರು ಹುಡುಗಿಯರು ತಿರುಗಿ ನೋಡಿದರು. ಮರ್ಯಾದೆ ಉಳಿಸಿಕೊಳ್ಳಲು ಗತ್ತಿನಿಂದ ಹೇಳಿದೆ: "ಇದು ಸತ್ತುಹೋಗಿದೆ ಕಣ್ರೀ, ಬೇರೆ ತೋರಿಸಿ."

ಅಂಗಡಿಯ ಯಜಮಾನರು ಕನ್ನಡಕವನ್ನು ಹಣೆಗೇರಿಸಿದರು. "ಸತ್ತಿಲ್ಲ ಸಾರ್. ಅದಕ್ಕೆ ಸ್ವಂತ ದನಿ ಇಲ್ಲ. ಕಂಪ್ಯೂಟರಿಗೆ ಸಿಕ್ಕಿಸಿದ್ರೆ ದನಿ ಅಲ್ಲಿಂದ ಬರುತ್ತೆ. ಇದು ಬರೀ ಒತ್ತೋದಕ್ಕೆ."

ಪಕ್ಕದಲ್ಲಿ ನಿಂತಿದ್ದ ಟೈಲರಕ್ಕ ನನ್ನ ಮೊಣಕೈ ಹಿಡಿದು ಎಳೆದರು. "ಬಾಗಿಲು ಬಡಿದಿದ್ದು ಸಾಕು ಬಾರಪ್ಪ. ಒಳಗೆ ಯಾರೂ ಇಲ್ವಂತೆ."

ಅವರು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದು ತಜ್ಞ ಅಂತ. ತಪ್ಪು ನನ್ನದೇ. ಒಮ್ಮೆ ಪ್ಯಾಂಟಿಗೆ ಅಳತೆ ಕೊಡುವಾಗ, ಕಾಲೇಜಿನ ತಂಡದಲ್ಲಿ ಕೀಬೋರ್ಡ್ ನುಡಿಸುತ್ತಿದ್ದೆ ಎಂದು ಕೊಚ್ಚಿಕೊಂಡಿದ್ದೆ. ನುಡಿಸಿದ್ದು ಒಂದೇ ಸಲ, ಅದೂ ನಿಜವಾಗಿ ನುಡಿಸುವವನಿಗೆ ಜ್ವರ ಬಂದಿದ್ದರಿಂದ. ಆದರೆ ಸೊಂಟದ ಸುತ್ತ ಟೇಪು ಬಿದ್ದಾಗ ಹೊಟ್ಟೆ ಒಳಗೆಳೆದುಕೊಂಡು ನಿಂತ ಗಂಡಸು ಏನಾದರೂ ದೊಡ್ಡದು ಹೇಳಲೇಬೇಕಲ್ಲ.

ಟೈಲರಕ್ಕನ ಅಂಗಡಿ ನಮ್ಮ ಕಟ್ಟಡದ ಮೆಟ್ಟಿಲ ಕೆಳಗಿದೆ. ಎದ್ದು ನಿಂತರೆ ತಲೆ ತಾಗುವ ಕಡೆ ಮಿಷನ್, ತಾಗದ ಕಡೆ ಕತ್ತರಿಸುವ ಮೇಜು, ನಡುವೆ ಅಕ್ಕ. ಮೂವತ್ತು ವರ್ಷದಿಂದ ಅಲ್ಲೇ. ಕೆಲಸ ಮಾಡುವಾಗ ಅವರ ತುಟಿಗಳ ನಡುವೆ ಸದಾ ನಾಲ್ಕೈದು ಗುಂಡುಸೂಜಿ. ಹಾಗಾಗಿ ಮಾತಾಡುವಂತಿಲ್ಲ. ಗುನುಗುವುದಕ್ಕೆ ಮಾತ್ರ ಸೂಜಿ ಅಡ್ಡ ಬರುವುದಿಲ್ಲ. ಮೂವತ್ತು ವರ್ಷ ಬಾಯಿ ಮುಚ್ಚಿಕೊಂಡು ಗುನುಗಿದ್ದು, ಎಲ್ಲೂ ಕೇಳಿರದ, ಅವರದ್ದೇ ರಾಗಗಳು. ಮರೆತುಹೋಗಬಾರದೆಂದು ಫೋನಿನಲ್ಲಿ ತುಂಬಿಸಿಟ್ಟುಕೊಂಡಿದ್ದರು. ಪ್ರತಿಯೊಂದರ ಹಿಂದೆಯೂ ಮಿಷನ್ನಿನ ಟಕಟಕ.

ಒಂದು ದಿನ ಶಾಲೆಯ ಡ್ಯಾನ್ಸ್ ಟೀಚರ್ ಮಕ್ಕಳ ಬಟ್ಟೆ ಹೊಲಿಸಲು ಬಂದವರು ಈ ಗುನುಗು ಕೇಳಿ ಅಲ್ಲೇ ಕೂತುಬಿಟ್ಟರು. "ಅಕ್ಕಾ, ನಮ್ಮ ಮಕ್ಕಳು ಇದಕ್ಕೇ ಕುಣೀಲಿ. ಆರು ವಾರದಲ್ಲಿ ಹಾಡು ಮಾಡಿ ಕೊಡ್ತೀರಾ? ಆಗ್ಲಿಲ್ಲ ಅಂದ್ರೆ ಬಿಡಿ, ಯಾವುದಾದ್ರೂ ಸಿನಿಮಾ ಹಾಡು ಹಾಕ್ತೀವಿ."

ಆ 'ಬಿಡಿ' ಅಕ್ಕನಿಗೆ ಸೂಜಿಗಿಂತ ಜೋರಾಗಿ ಚುಚ್ಚಿತು. ಒಪ್ಪಿಕೊಂಡರು. ತಂಗಿಯ ಮಗಳು ಬಿಟ್ಟುಹೋದ ಹಳೇ ಲ್ಯಾಪ್‌ಟಾಪ್ ಇತ್ತು. ಅದರಲ್ಲಿ ಪಿಟೀಲು, ಕೊಳಲು, ಏನು ಬೇಕಾದರೂ ಕೂಡಿಸುವ ತಂತ್ರಾಂಶವನ್ನು ಆಕೆಯೇ ಹಾಕಿ ಕಲಿಸಿಕೊಟ್ಟಳು. ಬೇಕಾಗಿದ್ದು ಕೀಬೋರ್ಡ್ ಒಂದೇ. ಬಸ್ ಓಡಿಸುವ ಅವರ ಗಂಡ, ನಮ್ಮ ಭಾವನವರು, ಕೈಯಲ್ಲಿದ್ದಷ್ಟು ಕೊಟ್ಟು ಹೇಳಿದರಂತೆ: "ಒಂದೇ ಸಲ ನೋಡು. ಸರಿಹೋಗ್ಲಿಲ್ಲ ಅಂದ್ರೆ ಅದರ ಮೇಲೆ ಇಸ್ತ್ರಿ ಮಾಡ್ಕೋ."

ಅಂಗಡಿಯಲ್ಲಿ ನಾನು ತೋರಿಸಿದ್ದು ಅರವತ್ತೊಂದು ಕೀಗಳ ದೊಡ್ಡದನ್ನು. ದೀಪ ಮಿನುಗುತ್ತಿತ್ತು, ಐನೂರು ದನಿ, ನೂರು ತಾಳ, ಗುಂಡಿ ಒತ್ತಿದರೆ ತಾನೇ ನುಡಿದುಕೊಳ್ಳುತ್ತಿತ್ತು. ಬೆಲೆ ನೋಡಿ ಅಕ್ಕ ಬೆಚ್ಚಲಿಲ್ಲ, ಲೆಕ್ಕ ಹಾಕಿದರು.

"ದನಿ ಲ್ಯಾಪ್‌ಟಾಪಲ್ಲಿದೆ. ತಾಳ ನನ್ನ ಮಿಷನ್ನಲ್ಲಿದೆ. ಇರೋದಕ್ಕೇ ಮತ್ತೆ ದುಡ್ಡು ಕೊಡಬೇಕಾ?"

ನಾನು ಬಡಿದ ಮೂಕ ಜಾತಿಯದ್ದೇ ಅವರಿಗೆ ಹಿಡಿಸಿತು. ಅದರಲ್ಲೂ ಅಗ್ಗದ್ದು, ಸಣ್ಣ ಸಣ್ಣ ಕೀಗಳು ಮೂವತ್ತೇಳು ಇದ್ದದ್ದು. ಆದರೆ ಕೊಳ್ಳಲಿಲ್ಲ. ಕುತ್ತಿಗೆಯ ಟೇಪು ತೆಗೆದು ಒಂದು ಬಿಳಿ ಕೀಯ ಅಗಲ ಅಳೆದರು. "ಮುಕ್ಕಾಲು ಇಂಚು. ಒಂದು ಅಳೆದ್ರೆ ಸಾಕು, ಮಿಕ್ಕಿದ್ದು ಎಣಿಕೆ. ಮೊದಲು ಪೇಪರಲ್ಲಿ ಕತ್ತರಿಸಿ ನೋಡ್ತೀನಿ."

ಬೆಲೆಬಾಳುವ ರೇಷ್ಮೆಗೆ ಕತ್ತರಿ ಇಡುವ ಮೊದಲು ಅಕ್ಕ ಕಾಗದದಲ್ಲಿ ಕತ್ತರಿಸಿ, ಗಿರಾಕಿಯ ಮೈಮೇಲೆ ಹಿಡಿದು ನೋಡುವವರು. ಇಲ್ಲಿ ಗಿರಾಕಿ ಅವರೇ. ಒಂದೊಂದೇ ಬಿಳಿ ಪಟ್ಟಿ ಕತ್ತರಿಸಿ ಕಂದು ಕಾಗದಕ್ಕೆ ಅಂಟಿಸಿದರು, ಮೇಲೆ ಕಪ್ಪು ಪಟ್ಟಿ. ಮೇಜಿನ ಮೇಲೆ ಹಾಸಿ ಬೆರಳಾಡಿಸತೊಡಗಿದರು. ಫೋನಿನ ಪುಟ್ಟ ಪಿಯಾನೋದಲ್ಲಿ ಒಂದೊಂದೇ ಸ್ವರ ಹುಡುಕುವುದು, ಕಾಗದದಲ್ಲಿ ಅದೇ ಕೀಗೆ ಟೈಲರ್ ಸೀಮೆಸುಣ್ಣದಿಂದ ಗುರುತು ಹಾಕುವುದು, ಗುನುಗುತ್ತಾ ಒತ್ತುವುದು. ಮೂರು ವಾರ. ತೋಳು ಹಿಡಿಸಬೇಕಾದ ರವಿಕೆಗಳು ಮೊಳೆಗೆ ತೂಗುತ್ತಿದ್ದವು.

"ಅಕ್ಕಾ, ಸ್ವಲ್ಪ ಜೋರಾಗಿ ನುಡಿಸಿ, ಕೇಳಿಸ್ತಿಲ್ಲ," ಎಂದೆ ಮೆಟ್ಟಿಲಿಳಿಯುತ್ತಾ.

"ನಿನಗೆ ಕೇಳಿಸಬಾರದು ಅಂತಾನೇ ಪೇಪರು."

ನಗುತ್ತಾ ಕೆಳಗಿಳಿದೆನಾದರೂ ಅವರ ಬಾಗಿಲಲ್ಲಿ ನಿಂತು ನೋಡಿದೆ. ಸದ್ದಿಲ್ಲದ ಕಾಗದದ ಮೇಲೆ ಆ ಬೆರಳುಗಳು ಎಲ್ಲೂ ತಡವರಿಸುತ್ತಿರಲಿಲ್ಲ. ನನ್ನ ಅಟ್ಟದ ಮೇಲೆ ಎರಡು ವಾದ್ಯ ಧೂಳು ತಿನ್ನುತ್ತಿವೆ. ಎರಡನ್ನೂ ಕೊಂಡ ದಿನವೇ ನಾನು ಅಭ್ಯಾಸ ನಿಲ್ಲಿಸಿದ್ದೆ.

ಮೂರು ವಾರ ಉಳಿದಿರುವಾಗ ಕಾಗದ ಸುತ್ತಿಕೊಂಡು ಮತ್ತೆ ಅಂಗಡಿಗೆ ಹೋದೆವು. ಈ ಸಲ ನಾನು ತಜ್ಞನಲ್ಲ, ಚೀಲ ಹೊರುವವನು. ಯಜಮಾನರು ಆ ಸಣ್ಣ ಕೀಬೋರ್ಡನ್ನು ತಮ್ಮ ಕಂಪ್ಯೂಟರಿಗೆ ಸಿಕ್ಕಿಸಿದರು. ಅಕ್ಕ ಬೆರಳಿಟ್ಟರು. ಬಂದದ್ದು ಪಾತ್ರೆ ಅಂಗಡಿಯ ಕಪಾಟು ಉರುಳಿದ ಸದ್ದು. ಒಂದೊಂದು ಬೆರಳಿಗೂ ಎರಡೆರಡು ಕೀ ಸಿಗುತ್ತಿದ್ದವು.

ಅಕ್ಕ ಕೈ ಹಿಂದಕ್ಕೆ ತೆಗೆದರು. ಕಾಗದ ಬಿಚ್ಚಿ ಅದರ ಒಂದು ಕೀಗೆ ಟೇಪು ಹಿಡಿದರು. ಒಂದು ಇಂಚು. ಅವರ ಮುಖ ಬಿಳಿಚಿತು.

"ಅಯ್ಯೋ ನನ್ನ ಕರ್ಮವೇ. ಹೊಲಿಗೆಗೆ ಅಂತ ಕಾಲಿಂಚು ಬಿಟ್ಟಿದ್ದೀನಿ."

ಮೂವತ್ತು ವರ್ಷ ಅಂಚಿಗೆ ಬಿಡದೆ ಏನನ್ನೂ ಕತ್ತರಿಸಿರದ ಕೈ ಕಾಗದಕ್ಕೂ ಬಿಟ್ಟಿತ್ತು. ಹೊಲಿಯುವುದೇ ಇಲ್ಲದ ಕಾಗದಕ್ಕೆ! ನನಗೆ ನಗು ಉಕ್ಕಿತು, ಅವರ ಮುಖ ನೋಡಿ ನುಂಗಿಕೊಂಡೆ. ಮೂರು ವಾರ ಕಲಿತ ಕೈ ಅಗಲ ಕೀಗೆ ಒಗ್ಗಿಹೋಗಿತ್ತು. ಅಗಲ ಕೀಗಳ ಉದ್ದನೆಯದು ಅವರ ಪರ್ಸಿಗೆ ನಿಲುಕುತ್ತಿರಲಿಲ್ಲ.

"ಮಿಕ್ಕಿದ್ದು ನಾನು ಸೇರಿಸ್ತೀನಿ ಅಕ್ಕಾ," ಎಂದೆ.

"ವರ್ಷಾ ವರ್ಷಾ ನಿನ್ನ ಪ್ಯಾಂಟಿಗೆ ಬಟ್ಟೆ ಸೇರಿಸೋಳು ನಾನು. ನನಗೆ ನೀನು ಸೇರಿಸೋದು ಬೇಡ."

ಅಷ್ಟು ಹೇಳಿ ಕಾಗದವನ್ನೇ ನೋಡುತ್ತಾ ನಿಂತರು, ಕಡಿಮೆ ಬಿದ್ದ ಬಟ್ಟೆಯನ್ನು ನೋಡುವ ಹಾಗೆ. ಸೀಮೆಸುಣ್ಣದ ಗುರುತುಗಳೆಲ್ಲ ನಡುವೆ ಗುಂಪಾಗಿದ್ದವು. ಬಲ ತುದಿಯಲ್ಲಿ ಒಂದೂ ಇಲ್ಲ, ಎಡ ತುದಿಯಲ್ಲಿ ಮೂರೇ ಮೂರು. ಅಕ್ಕ ಎರಡೂ ತುದಿಗಳನ್ನು ಒಳಕ್ಕೆ ಮಡಚಿ ಉಗುರಿನಿಂದ ಗೆರೆ ಎಳೆದರು.

"ಎರಡು ಕಡೆ ಸುಮ್ನೆ ಜಾಸ್ತಿ ಇದೆ. ಇದೇ ಅಗಲದ ಕೀ, ಇಷ್ಟೇ ಉದ್ದದ್ದು ಇದ್ಯಾ?"

ಯಜಮಾನರು ಮಡಚಿದ ಮೇಲೆ ಉಳಿದ ಕೀಗಳನ್ನು ಎಣಿಸಿದರು. ಇಪ್ಪತ್ತೈದು. ಕೆಳಗಿನ ಖಾನೆಯಿಂದ ಧೂಳು ಹಿಡಿದ ಒಂದನ್ನು ಎಳೆದರು. ಯಾರೋ ಆರು ತಿಂಗಳು ಬಳಸಿ ವಾಪಸು ಕೊಟ್ಟದ್ದು. ಕೀಗಳು ತುಸು ಹಳದಿಯಾಗಿದ್ದವು, ಬೆಲೆ ಆ ಸಣ್ಣದರಷ್ಟೇ. ಅಕ್ಕ ಟೇಪು ಹಿಡಿದರು. ಇಂಚಿಗೆ ಕೂದಲೆಳೆಯಷ್ಟು ಕಮ್ಮಿ.

"ಒಗೆದ ಮೇಲೆ ಕುಗ್ಗಿದೆ ಅಂದ್ಕೋತೀನಿ. ಎಡಗಡೆ ಈ ಮೂರು ಸ್ವರ ಬಿಟ್ಟುಹೋಗುತ್ತಲ್ಲ?"

"ಈ ಗುಂಡಿ ಒತ್ತಿ ಅಮ್ಮಾ, ಇಡೀ ಸಾಲೇ ಕೆಳಗಿನ ಸ್ವರಗಳಿಗೆ ಇಳಿಯುತ್ತೆ. ಮತ್ತೆ ಒತ್ತಿದ್ರೆ ಮೇಲೆ."

ಅಕ್ಕ ನುಡಿಸಿದರು. ಎರಡು ಕಡೆ ತಪ್ಪಿದರು, ಎರಡನೆಯ ಸಲ ತಪ್ಪಲಿಲ್ಲ. ಮೆಟ್ಟಿಲ ಕೆಳಗೆ ತುಟಿ ಬಿಗಿದು ಹುಟ್ಟಿದ್ದ ರಾಗ ಬಾಯಿ ತೆರೆದ ಹಾಗಿತ್ತು. ಯಜಮಾನರ ಕನ್ನಡಕ ಹಣೆಯಿಂದ ತಾನಾಗಿ ಮೂಗಿಗಿಳಿಯಿತು. "ಎಷ್ಟು ವರ್ಷದಿಂದ ನುಡಿಸ್ತಿದೀರಾ?" ಎಂದರು. "ಈಗ ತಾನೇ ಶುರು," ಎಂದು ಅಕ್ಕ ಪರ್ಸು ತೆಗೆದರು.

ಶಾಲೆಯ ಕಾರ್ಯಕ್ರಮದ ದಿನ ಇಪ್ಪತ್ತು ಮಕ್ಕಳು ಅಕ್ಕ ಹೊಲಿದ ಬಟ್ಟೆಯಲ್ಲಿ, ಅಕ್ಕ ಕಟ್ಟಿದ ಹಾಡಿಗೆ ಕುಣಿದರು. ಭಾವನವರು ಡ್ಯೂಟಿ ಮುಗಿಸಿ ಯೂನಿಫಾರಂನಲ್ಲೇ ಓಡಿಬಂದು ಹಿಂದಿನ ಸಾಲಲ್ಲಿ ನಿಂತು, ಕೇಳಿದವರಿಗೂ ಕೇಳದವರಿಗೂ "ನಮ್ಮನೆಯವಳದ್ದು" ಎನ್ನುತ್ತಿದ್ದರು. ಇಸ್ತ್ರಿಯ ಮಾತು ಎತ್ತಲಿಲ್ಲ. ರಾಗ ಚೆನ್ನಾಗಿತ್ತು. ಆದರೆ ಮಕ್ಕಳ ಕಾಲು ಎತ್ತಿಸಿದ್ದು ಅದರ ಕೆಳಗೆ ಓಡುತ್ತಿದ್ದ ತಾಳ: ಟಕಟಕ ಟಕಟಕ, ನಿಲ್ಲದೆ, ಉಸಿರು ತೆಗೆದುಕೊಳ್ಳದೆ.

ಜನ ಕರಗಿದ ಮೇಲೆ ತಜ್ಞತೆಯ ಚಟ ಹೋಗದೆ ಕೇಳಿದೆ: "ಅಕ್ಕಾ, ಅದು ನಿಮ್ಮ ಮಿಷನ್ ಅಂತ ಗೊತ್ತಾಯ್ತು. ಆದ್ರೆ ಅಷ್ಟು ಹೊತ್ತು ಎಲ್ಲೂ ನಿಲ್ಲದೆ ಓಡೋ ಹೊಲಿಗೆ ಎಲ್ಲಿ ಸಿಕ್ತು?"

ಅಕ್ಕ ಒಬ್ಬ ಹುಡುಗಿಯ ಲಂಗದಿಂದ ಗುಂಡುಸೂಜಿ ತೆಗೆಯುತ್ತಾ, ತಲೆ ಎತ್ತದೆ ಹೇಳಿದರು:

"ನಿನ್ನ ಪ್ಯಾಂಟಿನ ಸೊಂಟಪಟ್ಟಿ. ಬೇರೆ ಯಾರದ್ದೂ ಅಷ್ಟು ಉದ್ದ ಬರಲ್ಲ."