ಮಂಡಲ ಪಂಚಾಯ್ತಿಯ ಹುಲಿಗೆಮ್ಮ

ಹುಲಿಗೆಮ್ಮ ಹುಟ್ಟಿದ್ದು ಹೊನ್ನಾಳಿ ತಾಲ್ಲೂಕಿನ ಸಾಸ್ವೆಹಳ್ಳಿ ಕಡೆ. ಹೊಳೆಯ ಆಚೆ ದಡದವರನ್ನು ಕೂಗಿ ಮಾತಾಡಿಸಿ ಬೆಳೆದವಳಾದ್ದರಿಂದ ಗಂಟಲು ದೊಡ್ಡದು. ಎಪ್ಪತ್ತೆರಡರಲ್ಲಿ ದಾಸಪ್ಪನ ಕೈಹಿಡಿದು ಜಗಳೂರು ಸೀಮೆಯ ಕರೇಗುಡ್ಡಕ್ಕೆ ಬಂದಾಗ ಅತ್ತೆ ಅಜ್ಜಮ್ಮ, “ಮೆಲ್ಲಗೆ ಮಾತಾಡೇ ತಾಯಿ, ಕುರಿ ಬೆದರ್ತಾವೆ” ಅನ್ನುತ್ತಿದ್ದಳು. ವರ್ಷ ಕಳೆಯುವುದರೊಳಗೆ, ದೂರದ ಹೊಲದಲ್ಲಿದ್ದ ಮಗನನ್ನು ಊಟಕ್ಕೆ ಕರೆಯಬೇಕಾದರೆ ಅದೇ ಅತ್ತೆ ಸೊಸೆಯನ್ನು ಬಾಗಿಲಿಗೆ ಕಳಿಸತೊಡಗಿದಳು.

ಹೀಗೆ ಕುರಿ, ಜೋಳದ ಹೊಲ, ಮಕ್ಕಳು ಮರಿ ಅಂತ ಹದಿನೈದು ವರ್ಷ ಉರುಳಿತು. ಎಂಬತ್ತೇಳರಲ್ಲಿ ಮಂಡಲ ಪಂಚಾಯ್ತಿ ಚುನಾವಣೆ ಬಂತು. ಹೆಂಗಸರಿಗೂ ಸೀಟು ಇಡಲೇಬೇಕು ಅಂತ ಸರ್ಕಾರ ಕಾನೂನು ಮಾಡಿತ್ತು. ಊರ ಹಿರಿಯರು ದಾಸಪ್ಪನ ಮನೆಗೆ ಬಂದು ಜಗಲಿ ಮೇಲೆ ಕೂತರು.

“ನಿನ್ನ ಹೆಂಡ್ತಿ ಹೆಸರು ಬರಸಾನ ಕಣಪ್ಪ. ಕೆಲಸ ಹೆಂಗೂ ನೀನೇ ಮಾಡೀಯಂತೆ.”

ಒಳಗೆ ರೊಟ್ಟಿ ಬಡಿಯುತ್ತಿದ್ದ ಹುಲಿಗೆಮ್ಮನನ್ನು ಯಾರೂ ಕೇಳಲಿಲ್ಲ. ಎದುರಾಳಿಯೂ ಇರಲಿಲ್ಲ. ಕೂತಲ್ಲೇ ಮೆಂಬರಾದಳು.

ಮೊದಲ ಮೀಟಿಂಗಿಗೆ ದಾಸಪ್ಪ ಗಂಜಿ ಹಾಕಿದ ಬಿಳಿ ಅಂಗಿ ತೊಟ್ಟು ತಾನೇ ಹೋಗಿ ಬಂದ. ಅಲ್ಲೂ ಯಾರೂ ಬೇಡ ಅನ್ನಲಿಲ್ಲ. ಎರಡನೇ ಸಲ ಅಂಗಿ ಹುಡುಕುತ್ತಿದ್ದಾಗ ಹೆಂಡತಿ ಮದುವೆಯ ಸೀರೆ ಉಟ್ಟು ಎದುರಿಗೆ ನಿಂತಿದ್ದಳು.

“ಎಲ್ಲಿಗೆ ಹೊಂಟೆ?”

“ಮೀಟಿಂಗಿಗೆ. ಹೋದ ಸಲ ಏನು ಮಾತಾಡಿದ್ರಿ ಅಲ್ಲಿ?”

ದಾಸಪ್ಪ ಯೋಚನೆ ಮಾಡಿ, “ಟೀ ಚೆನ್ನಾಗಿತ್ತು” ಅಂದ.

“ಹಂಗಾದ್ರೆ ಈ ಸಲದ ಟೀ ನಾನೇ ಕುಡ್ಕೊಂಡು ಬರ್ತೀನಿ. ನೀವು ಕುರಿ ಹೊಡ್ಕೊಂಡು ಹೋಗ್ರಿ.”

ದಾಸಪ್ಪ ಕೆಟ್ಟವನಲ್ಲ. ಅದೇ ಅಂಗಿ ತೊಟ್ಟುಕೊಂಡೇ ಕುರಿಯ ಹಿಂದೆ ಹೋದ.

ಮಂಡಲದ ಪ್ರಧಾನರು ಬಸವರಾಜಪ್ಪ. ಕಿರಾಣಿ ಅಂಗಡಿಯ ಮೆದು ಮನುಷ್ಯ. ಯಾರ ಮನಸ್ಸೂ ನೋಯಬಾರದು, ಮುಖ್ಯವಾಗಿ ಅಧಿಕಾರಿಗಳ ಮನಸ್ಸು. ನಾಲ್ಕಾರು ತಿಂಗಳು ಚರಂಡಿ, ಬೀದಿ ದೀಪ ಅಂತ ಮೀಟಿಂಗುಗಳು ನೆಮ್ಮದಿಯಾಗಿ ನಡೆದವು. ಹುಲಿಗೆಮ್ಮ ಬಂದು ಕೂತು, ಕೇಳಿ, ಎದ್ದು ಹೋಗುತ್ತಿದ್ದಳು.

ಆ ಬೇಸಿಗೆಯಲ್ಲಿ ಪಕ್ಕದೂರಿನ ದೊಡ್ಡ ಕುಳವೊಬ್ಬರ ಕುರಿಗಳು ಕಾಣೆಯಾದವು. ಪೊಲೀಸರು ಬಂದವರೇ ಹುಲಿಗೆಮ್ಮನ ಕೇರಿಯ ಪಾಪಣ್ಣನನ್ನು ಕುರಿಹಟ್ಟಿಯಿಂದಲೇ ಎಬ್ಬಿಸಿಕೊಂಡು ಹೋದರು. ಮೂರು ದಿನವಾದರೂ ಕೇಸಿಲ್ಲ, ಕೋರ್ಟಿಲ್ಲ, ಬಿಡುಗಡೆಯೂ ಇಲ್ಲ. ಠಾಣೆಗೆ ಬುತ್ತಿ ಒಯ್ದ ಹೆಂಡತಿ ಲಕ್ಷ್ಮಮ್ಮನನ್ನು ಗದರಿಸಿ ಕಳಿಸಿದ್ದರು. ಅವಳು ನೇರ ಹುಲಿಗೆಮ್ಮನ ಮನೆಗೆ ಬಂದು, ಬುತ್ತಿ ಗಂಟನ್ನು ಹಾಗೇ ಮಡಿಲಲ್ಲಿಟ್ಟುಕೊಂಡು ಅತ್ತಳು.

ಮರುದಿನದ ಮೀಟಿಂಗಿನಲ್ಲಿ ಹುಲಿಗೆಮ್ಮ ಮೊದಲ ಸಲ ಬಾಯಿಬಿಟ್ಟಳು. ಪ್ರಧಾನರು ಬೆವರು ಒರೆಸಿಕೊಂಡರು.

“ಇದು ನಮ್ಮ ಮೀಟಿಂಗಿಗೆ ಬರೋ ವಿಷಯ ಅಲ್ಲಮ್ಮ.”

“ಬೀದಿ ದೀಪ ಹಾಕಿಸ್ತೀವಿ. ಆ ದೀಪದ ಕೆಳಗೆ ನಡೆಯೋ ಮನುಷ್ಯನ್ನ ಯಾರು ಬೇಕಾದ್ರೂ ಎಳ್ಕೊಂಡು ಹೋಗಬೌದಾ?”

ಸೆಕ್ರೆಟರಿ ಮಹೇಶ್ವರಪ್ಪ ಕನ್ನಡಕ ತೆಗೆದು, “ಕಾನೂನು ಪ್ರಕಾರ ಒಂದು ದಿನದೊಳಗೆ ಕೋರ್ಟಿಗೆ ಹಾಜರು ಮಾಡಬೇಕು. ಅದು ನಿಜ. ಆದ್ರೆ…” ಅಂದರು.

“ಆದ್ರೆ ಏನ್ರಿ?”

ಸೆಕ್ರೆಟರಿ ಕನ್ನಡಕ ಮತ್ತೆ ಏರಿಸಿಕೊಂಡು, “ಠಾಣೆಗೆ ಹೋಗಿ ಕೇಳಬೌದು” ಅಂದರು. ಮಧ್ಯಾಹ್ನದ ಬಸ್ಸಿಗೆ ಮಂಡಲಕ್ಕೆ ಮಂಡಲವೇ ಹೊರಟಿತು, ಲಕ್ಷ್ಮಮ್ಮನೂ ಜೊತೆಗೆ ಹತ್ತಿದಳು. ಪ್ರಧಾನರು ಮಾತ್ರ ಹಿಂದಿನ ಸೀಟಿನಲ್ಲಿ, ಬೇರೆ ಯಾವುದೋ ಕೆಲಸಕ್ಕೆ ಹೊರಟವರ ಹಾಗೆ ಕಿಟಕಿ ನೋಡುತ್ತಾ ಕೂತಿದ್ದರು.

ಠಾಣೆಯ ದಫೇದಾರ ಇವರನ್ನು ಮೆಟ್ಟಿಲ ಮೇಲೇ ತಡೆದ. “ನಿಮ್ಮ ಕೆಲಸ ಚರಂಡಿ ನೋಡೋದು. ಅದನ್ನ ನೋಡ್ಕೊಂಡು ಹೋಗ್ರಿ.”

ಹುಲಿಗೆಮ್ಮ ಒಂದು ಮೆಟ್ಟಿಲು ಮೇಲೆ ಹತ್ತಿದಳು. ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು. ಹೊಳೆಯಾಚೆಗೆ ಕೂಗಿ ಬೆಳೆದ ಗಂಟಲು ತೆರೆಯಿತು. “ಪಾಪಣ್ಣ ಕಳ್ಳ ಅಂತ ಯಾವ ಕೋರ್ಟು ಹೇಳೈತೆ?” ಅಂತ ಅವಳು ಕೇಳಿದ್ದು ಎದುರಿನ ಬಸ್‌ಸ್ಟ್ಯಾಂಡಿಗೂ ಕೇಳಿಸಿತು. ಬಸ್ಸಿಗೆ ಕಾದವರು ಒಬ್ಬೊಬ್ಬರಾಗಿ ಇತ್ತ ಬಂದರು. ಸದ್ದಿಗೆ ಸಬ್‌ಇನ್ಸ್‌ಪೆಕ್ಟರೂ ಹೊರಗೆ ಬಂದ.

ಆಗ ಹಿಂದೆಲ್ಲೋ ನಿಂತಿದ್ದ ಬಸವರಾಜಪ್ಪ ಮುಂದೆ ಬಂದು ಕೈ ಮುಗಿದರು. ಹುಲಿಗೆಮ್ಮನಿಗೆ, ಎಲ್ಲಾ ಕೆಟ್ಟಿತು, ಈಗ ಕ್ಷಮೆ ಕೇಳುತ್ತಾರೆ ಅನ್ನಿಸಿತು.

“ಸಾಹೇಬ್ರೆ, ಕೇಸಿದ್ರೆ ಕೋರ್ಟಿಗೆ ಕಳಸ್ರಿ. ಇಲ್ಲಾಂದ್ರೆ ಮನೆಗೆ ಕಳಸ್ರಿ. ನಮ್ಮ ಮಂಡಲದ ಮಾತು ಇಷ್ಟೇ” ಅಂದರು ಪ್ರಧಾನರು. ಅಂದ ಮೇಲೆ ತಾವೇ ಗಾಬರಿಯಾಗಿ ಸೆಕ್ರೆಟರಿಯ ಕಡೆ ನೋಡಿದರು.

ಸಬ್‌ಇನ್ಸ್‌ಪೆಕ್ಟರ್ ಜನರನ್ನೊಮ್ಮೆ ನೋಡಿ ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಪಾಪಣ್ಣ ಬಂದ. ಬರಿ ತಲೆ, ಕಣ್ಣು ನೆಲದಲ್ಲಿ. ಲಕ್ಷ್ಮಮ್ಮ ಓಡಿಬಂದರೂ ಅವಳ ಮುಖ ನೋಡಲಿಲ್ಲ.

“ಇವನ ರುಮಾಲೆಲ್ಲಿ?” ಅಂದಳು ಹುಲಿಗೆಮ್ಮ.

ದಫೇದಾರ ನಕ್ಕ. “ಮನುಷ್ಯ ಸಿಕ್ಕನಲ್ಲಮ್ಮ. ಹಳೇ ಬಟ್ಟೆ ಯಾಕೆ?”

“ಬರಿ ತಲೇಲಿ ಕರ್ಕೊಂಡು ಹೋಗಾಕೆ ಬಂದಿಲ್ಲ ನಾವು. ತರಸ್ರಿ.”

ರುಮಾಲು ಬಂತು. ಪಾಪಣ್ಣ ಮೆಟ್ಟಿಲ ಮೇಲೆ ಕೂತು ಸುತ್ತಿಕೊಂಡ. ಒಂದು ಸಲ ಬಿಚ್ಚಿಹೋಯಿತು. ಮತ್ತೆ ಸುತ್ತಿದ. ಆಮೇಲೆ ತಲೆ ಎತ್ತಿ, “ಬುತ್ತಿ ತಂದೀಯಾ?” ಅಂತ ಹೆಂಡತಿಯನ್ನು ಕೇಳಿದ.

ಕುರಿಗಳು ಕೆಲವು ದಿನಗಳಲ್ಲೇ ಬಿಳಿಚೋಡಿನ ಕಡೆಯ ಇನ್ನೊಂದು ಹಿಂಡಿನಲ್ಲಿ ಸಿಕ್ಕವು, ತಾವಾಗಿ ಸೇರಿಕೊಂಡಿದ್ದವು. ಪಾಪಣ್ಣನಿಗೆ ತಪ್ಪಾಯಿತು ಅಂತ ಯಾರೂ ಹೇಳಲಿಲ್ಲ. ಆದರೆ ಮಂಡಲ ಒಂದು ಠರಾವು ಮಾಡಿತು: ಇನ್ನು ಯಾರನ್ನೇ ಠಾಣೆಗೆ ಕರೆದೊಯ್ದರೂ ಮನೆಯವರಿಗೂ ಆ ವಾರ್ಡಿನ ಮೆಂಬರಿಗೂ ತಿಳಿಸಬೇಕು. ಅದಕ್ಕೆ ಕಾನೂನಿನ ಬಲವಿಲ್ಲ ಅಂತ ಸೆಕ್ರೆಟರಿಗೆ ಗೊತ್ತಿತ್ತು. ಠಾಣೆಯವರಿಗೆ ಗೊತ್ತಿತ್ತೋ ಇಲ್ಲವೋ, ಮುಂದೆ ತಿಳಿಸಿಯೇ ಕರೆದೊಯ್ಯುತ್ತಿದ್ದರು.

ಹುಲಿಗೆಮ್ಮನಿಗೆ ಹುರುಪು ಏರಿತು. ಮೀಟಿಂಗು ಬಾಗಿಲು ತೆಗೆದೇ ನಡೆಯಬೇಕು, ಊರವರು ಬಂದು ಕೇಳಬೇಕು, ಪ್ರಶ್ನೆ ಹಾಕಬೇಕು ಅಂತ ಹಟ ಹಿಡಿದು ಅದನ್ನೂ ಪಾಸು ಮಾಡಿಸಿದಳು. ಮುಂದಿನ ಮೀಟಿಂಗಿಗೆ ಹೆಂಗಸರೇ ಬಾಗಿಲ ತುಂಬಾ. ಹುಲಿಗೆಮ್ಮ ಹಿಗ್ಗಿನಿಂದ ಸೀರೆ ಸರಿಮಾಡಿಕೊಂಡು ಕೂತಳು. ಮೊದಲು ಎದ್ದು ನಿಂತವಳು ಪಕ್ಕದ ಮನೆಯ ದುರುಗಕ್ಕ.

“ಎಲ್ಲಾರಿಗೂ ನ್ಯಾಯ ಹೇಳೋ ಹುಲಿಗೆಮ್ಮ ಮೆಂಬರೇ, ನಿಮ್ಮ ಬಚ್ಚಲ ನೀರು ಮಳೆಗಾಲದಿಂದ ನಮ್ಮ ಬಾಗಿಲಿಗೇ ಬರ್ತೈತಲ್ಲ, ಅದರದ್ದೇನು?”

ಮಂಡಲವೆಲ್ಲ ಗೊಳ್ಳೆಂದು ನಕ್ಕಿತು. ಬಸವರಾಜಪ್ಪನವರಂತೂ ಅಷ್ಟು ಸಂತೋಷವಾಗಿ ನಕ್ಕದ್ದನ್ನು ಯಾರೂ ಕಂಡಿರಲಿಲ್ಲ. ಹುಲಿಗೆಮ್ಮನ ಕಿವಿ ಕೆಂಪಾಯಿತು. ಬೈಯಲು ಬಾಯಿ ತೆರೆದವಳು ಸೆಕ್ರೆಟರಿಯ ಕಡೆ ತಿರುಗಿದಳು.

“ಬರಕೊಳ್ರಿ ಸೆಕ್ರೆಟರಿಯವರೇ” ಅಂದಳು ಕೊನೆಗೆ. “ಹುಲಿಗೆಮ್ಮ ಮೆಂಬರು ಈ ವಾರದಾಗೆ ಸರಿ ಮಾಡ್ತಾರೆ ಅಂತ.”

ಮರುದಿನ ಬೆಳಿಗ್ಗೆ ಗುದ್ದಲಿ ಹಿಡಿದು ಬಚ್ಚಲ ಹಿಂದೆ ಕಾಲುವೆ ತೋಡಿದವನು ದಾಸಪ್ಪ. ಹುಲಿಗೆಮ್ಮ ಬುಟ್ಟಿಯಲ್ಲಿ ಮಣ್ಣು ಹೊತ್ತಳು. ದುರುಗಕ್ಕ ತನ್ನ ಜಗಲಿ ಮೇಲೆ ಕೂತು, ಕಾಲುವೆ ನೆಟ್ಟಗೆ ಹೋಗುತ್ತಿದೆಯೋ ಇಲ್ಲವೋ ನೋಡಿಕೊಂಡಳು.